ಕಪ್ಪು ಹಿನ್ನೆಲೆಯಲ್ಲಿ ಬೆಳಗುವ ಬೆರಳು

ಪ್ರಶ್ನೆ: ಎಂಟು ವರ್ಷದಿಂದ ಪಿಟೀಲು ಕಲಿಯುತ್ತಿದ್ದೇನೆ. ಬರುವ ತಿಂಗಳು ನನ್ನ ಮೊದಲ ಕಛೇರಿ. ಆಹ್ವಾನ ಪತ್ರಿಕೆಗೆ ಫೋಟೊ ತೆಗೆಯಲಿರುವ ನನ್ನ ಸೋದರಮಾವನ ಮಗ, ‘ಬರೋಕ್ ಲೈಟಿಂಗ್ ಮಾಡೋಣ’ ಎಂದು ಇಟಲಿಯ ಹಳೆಯ ಚಿತ್ರಕಾರ ಕರವಾಜಿಯೊನ ‘ಲ್ಯೂಟ್ ವಾದಕ’ ಚಿತ್ರ ತೋರಿಸಿದ. ಅವತ್ತಿನಿಂದ ಅಂಥ ಚಿತ್ರಗಳನ್ನೇ ಹುಡುಕಿ ನೋಡುತ್ತಿದ್ದೇನೆ. ಹೆಚ್ಚಿನವುಗಳಲ್ಲಿ ಹಿಂದೆ ಕಪ್ಪು, ಒಂದು ಪಕ್ಕದಿಂದ ಮಾತ್ರ ಬೆಳಕು. ಇವರೆಲ್ಲ ರಾತ್ರಿ ಹೊತ್ತು ನುಡಿಸುತ್ತಿದ್ದರಾ? ಬಣ್ಣ ಹಳೆಯದಾಗಿ ಕಪ್ಪಾಗಿದೆಯಾ? ಸಂಗೀತಗಾರರನ್ನು ಹೀಗೆ ಕತ್ತಲಲ್ಲಿ ಕೂರಿಸಿದ್ದಕ್ಕೆ ಏನಾದರೂ ಅರ್ಥ ಇದೆಯಾ, ಅಥವಾ ಸುಮ್ನೆ ಆ ಕಾಲದ ಫ್ಯಾಷನ್ನಾ?
ಓದುಗರು, ಶಿವಮೊಗ್ಗ

ಉತ್ತರ: ರಾತ್ರಿ ಅಲ್ಲ. ನಿಮ್ಮ ಮಾವನ ಮಗ ತೋರಿಸಿದ ಚಿತ್ರದಲ್ಲಿರುವುದು ಹಗಲು. (ಬರೋಕ್ ಎಂದರೆ 1600ರ ಸುಮಾರಿಗೆ ಇಟಲಿಯಲ್ಲಿ ಶುರುವಾಗಿ ಯುರೋಪಿನಲ್ಲಿ ಹರಡಿದ ಕಲಾಶೈಲಿ. ಲ್ಯೂಟ್ ಎಂದರೆ ಬೆರಳಿನಿಂದ ತಂತಿ ಮೀಟಿ ನುಡಿಸುವ ವಾದ್ಯ.)

ಇದಕ್ಕೆ ಒಳ್ಳೆಯ ಸಾಕ್ಷಿ ಸಿಗುವುದು ಒಬ್ಬ ಹಗೆಯಿಂದ. ಜೊವಾನ್ನಿ ಬಾಲ್ಯೊನೆ ಎಂಬ ಚಿತ್ರಕಾರನಿಗೆ ಕರವಾಜಿಯೊನನ್ನು ಕಂಡರೆ ಆಗುತ್ತಿರಲಿಲ್ಲ. ತನ್ನನ್ನು ಹೀಯಾಳಿಸಿ ಪದ್ಯ ಬರೆದು ಹಂಚಿದರೆಂದು 1603ರಲ್ಲಿ ಅವನನ್ನು ಕೋರ್ಟಿಗೂ ಎಳೆದ. ಆದರೂ ಮುದುಕನಾದ ಮೇಲೆ, 1642ರಲ್ಲಿ, ರೋಮಿನ ಚಿತ್ರಕಾರರ ಜೀವನ ಬರೆಯುವಾಗ ಈ ಲ್ಯೂಟ್ ಹುಡುಗನನ್ನು ಹೊಗಳದೆ ಇರಲು ಅವನಿಗೆ ಆಗಲಿಲ್ಲ. ಹೂವಿಟ್ಟ ಗಾಜಿನ ಹೂಜಿಯ ನೀರಿನಲ್ಲಿ ಕಿಟಕಿಯ ಪ್ರತಿಬಿಂಬ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದು ಬರೆದ. ಈ ಚಿತ್ರದ ಒಂದಕ್ಕಿಂತ ಹೆಚ್ಚು ಪ್ರತಿಗಳಿವೆ. ಹೆಚ್ಚು ಹೆಸರಾದದ್ದು ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟಾಜ್ ಮ್ಯೂಸಿಯಂನಲ್ಲಿದೆ, ಸುಮಾರು 1595–96ರದ್ದು. ಅದರಲ್ಲೂ ಹೂಜಿ ಇದೆ, ಹಣ್ಣು ಇವೆ, ಹುಡುಗನ ಬಿಳಿ ಅಂಗಿಯ ಮೇಲೆ ಎಡಗಡೆ ಮೇಲಿನಿಂದ ಬೀಳುವ ಬೆಳಕು ಇದೆ. ಹಿಂದಿನ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ. ಅದು ಪೂರ್ತಿ ಕಪ್ಪಲ್ಲ, ಕಂದು. ಅದರ ಮೇಲೂ ಓರೆಯಾಗಿ ಒಂದು ಬೆಳಕಿನ ಪಟ್ಟಿ ಹಾದಿದೆ. ದೀಪದ ಬೆಳಕು ಹಾಗೆ ಹಾಯುವುದಿಲ್ಲ, ಕಿಟಕಿಯದ್ದು ಹಾಯುತ್ತದೆ.

ಹಗಲಾದರೆ ಕೋಣೆ ಯಾಕೆ ಅಷ್ಟು ಕತ್ತಲು? ಜೂಲಿಯೊ ಮಂಚೀನಿ ಎಂಬ ವೈದ್ಯ ಚಿತ್ರಗಳ ಹುಚ್ಚು ಹಿಡಿಸಿಕೊಂಡವನು. ಸುಮಾರು 1620ರಲ್ಲಿ ಅವನು ಕರವಾಜಿಯೊ ಮತ್ತು ಅವನ ದಾರಿ ಹಿಡಿದವರ ಗುಟ್ಟನ್ನು ಬರೆದಿಟ್ಟ: ಬೆಳಕು ಒಂದೇ ಕಡೆಯಿಂದ, ಮೇಲಿನಿಂದ ಬೀಳಬೇಕು, ಬೇರೆಲ್ಲಿಂದಲೂ ಪುಟಿದು ಬರಬಾರದು, ಒಂದೇ ಕಿಟಕಿ ಇದ್ದು ಗೋಡೆಗೆಲ್ಲ ಕಪ್ಪು ಬಳಿದ ಕೋಣೆಯಲ್ಲಿ ಆಗುವ ಹಾಗೆ. 1672ರಲ್ಲಿ ಬೆಲ್ಲೊರಿ ಎಂಬ ಲೇಖಕನೂ ಹೆಚ್ಚುಕಡಿಮೆ ಇದನ್ನೇ ದೂರಿನ ಧಾಟಿಯಲ್ಲಿ ಹೇಳಿದ. ಈ ಮನುಷ್ಯ ಯಾರನ್ನೂ ಬಿಸಿಲಿಗೆ ತರುವುದಿಲ್ಲ, ಮುಚ್ಚಿದ ಕೋಣೆಯ ಕಂದು ಗಾಳಿಯಲ್ಲೇ ಕೂರಿಸುತ್ತಾನೆ ಅಂತ.

ಶಿವಮೊಗ್ಗದವರಾದ ನಿಮಗೆ ಇದನ್ನು ವಿವರಿಸಲು ರೋಮಿಗೆ ಹೋಗಬೇಕಿಲ್ಲ. ಮಲೆನಾಡಿನ ಹಳೆಯ ಮನೆಯ ಅಡುಗೆಕೋಣೆ ನೆನಪಿಸಿಕೊಳ್ಳಿ. ಸೌದೆ ಒಲೆಯ ಹೊಗೆಗೆ ಗೋಡೆ, ತೊಲೆ ಎಲ್ಲ ಕಪ್ಪಾಗಿವೆ. ಮೇಲೆ ಒಂದು ಬೆಳಕಿಂಡಿ, ಇಲ್ಲವೇ ಹೆಂಚುಗಳ ನಡುವೆ ಒಂದು ಗಾಜಿನ ಹೆಂಚು. ಮಧ್ಯಾಹ್ನದ ಹೊತ್ತು ಅಲ್ಲಿ ಅಜ್ಜಿ ಕಾಯಿ ತುರಿಯುತ್ತಾ ಕೂತರೆ ಕೈ, ಹಣೆ, ತೆಂಗಿನ ಬಿಳುಪು ಮಾತ್ರ ಹೊಳೆಯುತ್ತವೆ. ಹಿಂದೆ ಏನೂ ಕಾಣುವುದಿಲ್ಲ. ಹೊರಗೆ ಸುಡುಬಿಸಿಲು! ಅದೇ ಕೋಣೆಗೆ ಸುಣ್ಣ ಬಳಿಸಿ ನೋಡಿ, ಆಟ ಮುಗಿಯಿತು. ಬಿಳಿ ಗೋಡೆ ಬೆಳಕನ್ನು ಎಲ್ಲ ಕಡೆ ಚೆಲ್ಲಿ ನೆರಳನ್ನು ತೆಳ್ಳಗೆ ಮಾಡಿಬಿಡುತ್ತದೆ. ಬರೋಕ್ ನೆರಳಿನ ಅರ್ಧ ಗುಟ್ಟು ಇಷ್ಟೇ: ಬೆಳಕು ಕಡಿಮೆ ಮಾಡುವುದಲ್ಲ, ಅದು ಪುಟಿಯದ ಹಾಗೆ ನೋಡಿಕೊಳ್ಳುವುದು.

ಕರವಾಜಿಯೊ ಇದಕ್ಕಾಗಿ ಮನೆಯನ್ನೇ ಒಡೆಸಿದ ಅಂತ ಒಂದು ಊಹೆಯೂ ಇದೆ. 1605ರಲ್ಲಿ ಅವನ ಮನೆಯೊಡತಿ ಬಾಕಿ ಬಾಡಿಗೆಯ ಜೊತೆಗೆ ಒಡೆದ ಛಾವಣಿಗೂ ದುಡ್ಡು ಕೇಳಿ ದೂರು ಕೊಟ್ಟಳು. ದೊಡ್ಡ ಕ್ಯಾನ್ವಾಸ್ ನಿಲ್ಲಿಸಲು ಒಡೆದನೋ, ಬೆಳಕು ಬಿಡಲು ಒಡೆದನೋ, ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ. ಆಗ ಅಧಿಕಾರಿಗಳು ಅವನ ಮನೆಯ ಸಾಮಾನು ಪಟ್ಟಿ ಮಾಡಿದರು. ಅದರಲ್ಲಿ ಕನ್ನಡಿಗಳ ಜೊತೆ ಒಂದು ಗಿಟಾರ್, ಒಂದು ಪಿಟೀಲೂ ಇದ್ದವು. ನನಗೆ ಛಾವಣಿಗಿಂತ ಈ ಪಿಟೀಲೇ ಮುಖ್ಯ.

ಬಣ್ಣ ಕಪ್ಪಾಗಿದೆಯಾ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ಮೇಲೆ ಹಚ್ಚಿದ ವಾರ್ನಿಷ್ ಕಾಲ ಕಳೆದಂತೆ ಹಳದಿಯಾಗುತ್ತದೆ, ಎಣ್ಣೆಬಣ್ಣ ಪಾರದರ್ಶಕವಾಗಿ ಕೆಳಗಿನ ಪದರ ಮೇಲೆ ಕಾಣತೊಡಗುತ್ತದೆ. ಆದರೆ ಆ ಕೆಳಗಿನ ಪದರವೇ ಮೊದಲಿನಿಂದ ಕಂದು! ಇವರು ಬಿಳಿ ಕ್ಯಾನ್ವಾಸಿನ ಮೇಲೆ ಬರೆಯುತ್ತಿರಲಿಲ್ಲ. ಮೊದಲು ಇಡೀ ಬಟ್ಟೆಗೆ ಕೆಂಗಂದು ಬಳಿದುಕೊಂಡು, ಆಮೇಲೆ ಬೆಳಕು ಬೀಳುವ ಕಡೆ ಮಾತ್ರ ಸೀಸದ ಬಿಳುಪನ್ನು ದಪ್ಪಗೆ ಹಚ್ಚುತ್ತಿದ್ದರು. ನೆರಳಿನ ಜಾಗವನ್ನು ಎಷ್ಟೋ ಕಡೆ ತೆಳ್ಳಗೆ ಒರೆಸಿ ಬಿಟ್ಟುಬಿಡುತ್ತಿದ್ದರು. ಅಂದರೆ ನೆರಳು ಬರೆದದ್ದಲ್ಲ, ಬಿಟ್ಟದ್ದು. ಕರವಾಜಿಯೊನ ಒಂದೇ ಒಂದು ಪೆನ್ಸಿಲ್ ಚಿತ್ರವೂ ನಮಗೆ ಉಳಿದಿಲ್ಲ. ಹಸಿ ಪದರದ ಮೇಲೆ ಕುಂಚದ ಹಿಡಿಯಿಂದಲೋ ಏನೋ ಅಲ್ಲಲ್ಲಿ ಗೀರಿಕೊಂಡ ಗುರುತುಗಳು ಮಾತ್ರ ಸಿಕ್ಕಿವೆ.

ಈಗ ನಿಮ್ಮ ಮೂರನೆಯ ಪ್ರಶ್ನೆ. ಅದೇ ನಿಜವಾದ ಪ್ರಶ್ನೆ. ಅದಕ್ಕೆ ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು. ಕರವಾಜಿಯೊ ಬರೆದ ಸಂಗೀತದ ಚಿತ್ರಗಳು ಅವನ ತೀರಾ ಕಪ್ಪು ಚಿತ್ರಗಳಲ್ಲ. ಅವೆಲ್ಲ ಅವನು ಇಪ್ಪತ್ತರ ಹರೆಯದಲ್ಲಿ, ರೋಮಿನಲ್ಲಿ ಫ್ರಾಂಚೆಸ್ಕೊ ಡೆಲ್ ಮೊಂತೆ ಎಂಬ ಕಾರ್ಡಿನಲ್‌ನ, ಅಂದರೆ ಪೋಪ್‌ಗೆ ಹತ್ತಿರದ ದೊಡ್ಡ ಪಾದ್ರಿಯ, ಅರಮನೆಯಲ್ಲಿ ಉಳಿದುಕೊಂಡಿದ್ದ ಕಾಲದವು, ಇಲ್ಲವೇ ಅದರ ಆಸುಪಾಸಿನವು. ಕಾರ್ಡಿನಲ್‌ಗೆ ಸಂಗೀತದ ಹುಚ್ಚು, ತಾನೇ ಗಿಟಾರ್ ನುಡಿಸಿ ಹಾಡುತ್ತಿದ್ದ. ಅವನ ಅಣ್ಣ ಗಣಿತಜ್ಞ, ದೂರ-ಹತ್ತಿರಗಳನ್ನು ಚಿತ್ರದಲ್ಲಿ ಲೆಕ್ಕ ಹಾಕಿ ಕೂರಿಸುವ ಶಾಸ್ತ್ರದಲ್ಲಿ ಪಳಗಿದವನು. ಬೆಳಕು ಮತ್ತು ನಾದ ಎರಡರ ಮಾತೂ ಆ ಮನೆತನದಲ್ಲಿತ್ತು ಅನ್ನಿ. 1599–1600ರಲ್ಲಿ ರೋಮಿನ ಸಾನ್ ಲುಯಿಜಿ ಚರ್ಚಿಗೆ ಸಂತ ಮ್ಯಾಥ್ಯೂವಿನ ಚಿತ್ರಗಳನ್ನು ಬರೆದ ಮೇಲೆ ಅವನ ಕತ್ತಲು ಗಾಢವಾಗುತ್ತಾ ಹೋಯಿತು. ಸಂಗೀತ ಹೆಚ್ಚುಕಡಿಮೆ ನಿಂತೇಹೋಯಿತು. 1601–02ರ ಸುಮಾರಿಗೆ ಬರೆದ, ಈಗ ಬರ್ಲಿನ್‌ನಲ್ಲಿರುವ ಮನ್ಮಥನ ಚಿತ್ರದಲ್ಲಿ ಲ್ಯೂಟ್, ಪಿಟೀಲು ಎರಡೂ ಇವೆ. ಆದರೆ ನೆಲದ ಮೇಲೆ ಬಿದ್ದಿವೆ, ನುಡಿಸುವವರಿಲ್ಲ. ಕಗ್ಗತ್ತಲಲ್ಲಿ ಕೂತ ವಾದಕರನ್ನು ನೀವು ಕಂಡಿದ್ದರೆ ಅವರಲ್ಲಿ ಹೆಚ್ಚಿನವರು ಅವನ ಹಿಂದೆ ಬಂದವರ ಕೈಯಲ್ಲಿ ಮೂಡಿದವರು.

ಇರಲಿ. ಆ ಮೊದಲ ಚಿತ್ರಗಳಲ್ಲೇ ಅವನು ಒಂದು ಕೆಲಸ ಮಾಡಿದ್ದಾನೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ‘ಸಂಗೀತಗಾರರು’ ಎಂಬ ಅವನ ಚಿತ್ರ ಇದೆ. ನಾಲ್ಕು ಹುಡುಗರು, ಒಬ್ಬರ ಮೇಲೊಬ್ಬರು ಬಿದ್ದ ಹಾಗೆ ಇಕ್ಕಟ್ಟಾಗಿ ಕೂತಿದ್ದಾರೆ. ಚಿತ್ರ ತುಂಬಾ ಸವೆದಿದೆ, ರಿಪೇರಿಯೂ ಜಾಸ್ತಿ ಆಗಿದೆ. ಆದರೂ ನಡುವಿನ ಹುಡುಗನ ಕೈ ನೋಡಿ. ಅವನು ನುಡಿಸುತ್ತಿಲ್ಲ. ಶ್ರುತಿ ಮಾಡುತ್ತಿದ್ದಾನೆ. ಬಾಯಿ ಸ್ವಲ್ಪ ತೆರೆದಿದೆ, ಕಣ್ಣು ನಮ್ಮ ಕಡೆ ಇದೆ, ಆದರೆ ನೋಟ ಎಲ್ಲೂ ಇಲ್ಲ. ನೀವು ದಿನಾ ಬಿರಡೆ ತಿರುಗಿಸುವವರು, ಈ ಮುಖ ನಿಮಗೆ ಗೊತ್ತಿರಬೇಕು. ಪಂಚಮ ಕೂಡುವ ಕ್ಷಣದಲ್ಲಿ ಎಲ್ಲರ ಮುಖವೂ ಹೀಗೇ ಆಗುತ್ತದೆ. ಕಿವಿ ಕೆಲಸ ಮಾಡುವಾಗ ಕಣ್ಣು ಖಾಲಿ. ಲ್ಯೂಟ್‌ಗೆ ಕರುಳಿನ ತಂತಿಗಳು, ಅದೂ ಜೋಡಿ ಜೋಡಿಯಾಗಿ. ಹವೆ ಸ್ವಲ್ಪ ಬದಲಾದರೂ ಶ್ರುತಿ ಇಳಿಯುತ್ತದೆ. ಎಂಬತ್ತು ವರ್ಷ ಬದುಕಿದ ಲ್ಯೂಟ್ ವಾದಕ ಅದರಲ್ಲಿ ಅರವತ್ತು ವರ್ಷ ಶ್ರುತಿ ಮಾಡುವುದಕ್ಕೇ ಕಳೆದಿರುತ್ತಾನೆ ಅಂತ ಮುಂದೆ 1713ರಲ್ಲಿ ಮಾಥೆಸನ್ ಎಂಬ ಜರ್ಮನ್ ಸಂಗೀತಗಾರ ಗೇಲಿ ಮಾಡಿದ್ದ.

ನನಗೆ ಅನ್ನಿಸುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಿತ್ರಕ್ಕೆ ಸದ್ದಿಲ್ಲ. ಸಂಗೀತಗಾರನ ಚಿತ್ರ ಬರೆಯುವವನಿಗೆ ಇದು ದೊಡ್ಡ ತೊಡಕು. ಹಳೆಯ ಚಿತ್ರಕಾರರು ವಾದ್ಯ ಕೈಗೆ ಕೊಟ್ಟು ಸುಮ್ಮನಾಗುತ್ತಿದ್ದರು. ದೇವತೆಯ ಕೈಯಲ್ಲಿ ಲ್ಯೂಟ್ ಇದ್ದರೆ ‘ಇಲ್ಲಿ ಸಂಗೀತ ನಡೆದಿದೆ’ ಎಂದು ನಾವೇ ತಿಳಿದುಕೊಳ್ಳಬೇಕು. ಬರೋಕ್ ಚಿತ್ರಕಾರರು ಸದ್ದಿನ ಕೆಲಸವನ್ನು ಬೆಳಕಿಗೆ ಒಪ್ಪಿಸಿದರು. ನಾದ ಎಲ್ಲಿ ಹುಟ್ಟುತ್ತದೋ, ಬೆರಳ ತುದಿ, ತಂತಿ, ತೆರೆದ ಬಾಯಿ, ಅಲ್ಲಿ ಬೆಳಕು. ಉಳಿದದ್ದೆಲ್ಲ ನೆರಳು. ಕಣ್ಣಿಗೆ ನೋಡಲು ಬೇರೇನೂ ಇಲ್ಲದಾಗ ಅದು ಆ ಬೆರಳ ಮೇಲೇ ನಿಲ್ಲುತ್ತದೆ. ನಿಂತಾಗ ಕಿವಿ ತಾನಾಗಿ ಏಳುತ್ತದೆ. ಕಣ್ಣು ಮುಚ್ಚಿಕೊಂಡು ಆಲಾಪನೆ ಕೇಳುವ ನಮ್ಮ ರಸಿಕರು ಮಾಡುವುದೂ ಇದನ್ನೇ ಅಲ್ವಾ? ಕಾಣುವುದನ್ನು ಕಡಿಮೆ ಮಾಡಿಕೊಂಡು ಕೇಳುವುದನ್ನು ಜಾಸ್ತಿ ಮಾಡಿಕೊಳ್ಳುತ್ತಾರೆ.

ಮತ್ತೆ ಹರ್ಮಿಟಾಜಿನ ಹುಡುಗನಿಗೆ ಬನ್ನಿ. ಮೇಜಿನ ಮೇಲೆ ತೆರೆದಿಟ್ಟ ಪುಸ್ತಕದ ಸ್ವರಗಳು ಎಷ್ಟು ಸ್ಪಷ್ಟ ಎಂದರೆ ಇವತ್ತೂ ಓದಿ ಹಾಡಬಹುದು. ಜಾಕ್ ಆರ್ಕಡೆಲ್ಟ್‌ನ ಪ್ರೇಮಗೀತೆಗಳು ಅವು, ‘ನಾನು ನಿನ್ನನ್ನು ಪ್ರೀತಿಸುತ್ತೇನೆಂದು ನಿನಗೆ ಗೊತ್ತು’ ಎಂದು ಶುರುವಾಗುವಂಥವು. ಚಿತ್ರ ಬರೆಯುವ ಹೊತ್ತಿಗೇ ಆ ಹಾಡುಗಳಿಗೆ ಐವತ್ತು ವರ್ಷ ಮೀರಿತ್ತು. ನಾವು ಈಗ ಹಳೇ ಸಿನಿಮಾ ಹಾಡು ಗುನುಗುವ ಹಾಗೆ. ಬೆಳಕು ಮೊದಲು ಅಂಗಿಯ ಮೇಲೆ ಬಿದ್ದು, ಅಲ್ಲಿಂದ ಬೆರಳಿಗೆ, ತೆರೆದ ತುಟಿಗೆ ಏರುತ್ತದೆ. ಲ್ಯೂಟ್‌ನ ಉಬ್ಬಿದ ಬೆನ್ನು, ನಮ್ಮ ತಂಬೂರಿಯ ಬುರುಡೆಯಂಥದ್ದು, ನೆರಳಿಗೆ ಸರಿದಿದೆ. ಮುಂದೆ ಮೇಜಿನ ಮೇಲೆ ಒಂದು ಪಿಟೀಲು, ಕಮಾನು. ನೀವು ತಕ್ಷಣ ಗಮನಿಸುತ್ತೀರಿ: ಗದ್ದ ಊರುವ ಪಟ್ಟಿ ಇಲ್ಲ. ಅದು ಬಂದದ್ದು 1820ರ ಸುಮಾರಿಗೆ. ಕಮಾನಿನ ಕೋಲು ಕೂಡ ಈಗಿನಂತೆ ಒಳಗೆ ಬಾಗದೆ ಬಿಲ್ಲಿನ ಹಾಗೆ ಹೊರಗೆ ಬಾಗಿದೆ.

ರೋಮಿನ ಡೋರಿಯಾ ಪಾಂಫಿಲಿ ಗ್ಯಾಲರಿಯಲ್ಲಿರುವ, ಈಜಿಪ್ಟಿಗೆ ಓಡಿಹೋಗುವಾಗ ದಾರಿಯಲ್ಲಿ ದಣಿವಾರಿಸಿಕೊಳ್ಳುವ ಯೇಸುವಿನ ಕುಟುಂಬದ ಕರವಾಜಿಯೊನದೇ ಚಿತ್ರವನ್ನೂ ನೋಡಿ. ದೇವದೂತ ಪಿಟೀಲು ನುಡಿಸುತ್ತಿದ್ದಾನೆ, ನಮಗೆ ಬೆನ್ನು ಹಾಕಿ. ಮುದುಕ ಜೋಸೆಫ್ ಸ್ವರದ ಪುಸ್ತಕವನ್ನು ಸ್ಟ್ಯಾಂಡಿನ ಹಾಗೆ ಎತ್ತಿ ಹಿಡಿದಿದ್ದಾನೆ, ಪಾಪ. ಅವನ ಪಕ್ಕದಲ್ಲೇ ಕತ್ತೆಯ ಒಂದು ದೊಡ್ಡ ಕಣ್ಣು ಹೊಳೆಯುತ್ತಿದೆ. ಮರಿಯ, ಮಗು ಇಬ್ಬರಿಗೂ ನಿದ್ದೆ. ಕೇಳುಗರು ಯಾರು ಅಂದರೆ ಜೋಸೆಫ್ ಮತ್ತು ಕತ್ತೆ! ನನಗೆ ಇಡೀ ಬರೋಕ್ ಕಾಲದಲ್ಲಿ ಇಷ್ಟವಾದ ಸಭಿಕ ಆ ಕತ್ತೆ.

ಇದರ ಜೊತೆಗೆ ಇನ್ನೊಂದನ್ನು ಇಟ್ಟು ನೋಡಿದರೆ ಒಳ್ಳೆಯದು. ಓರಾಜಿಯೊ ಜೆಂಟಿಲೆಸ್ಕಿಯ ‘ಲ್ಯೂಟ್ ವಾದಕಿ’, ವಾಷಿಂಗ್ಟನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಹಳದಿ ಉಡುಪಿನ ಹೆಂಗಸು ನಮಗೆ ಬೆನ್ನು ತಿರುಗಿಸಿ ಕೂತು, ಕಿವಿಯನ್ನು ವಾದ್ಯದ ಹತ್ತಿರ ಒಯ್ದಿದ್ದಾಳೆ. ಬೆಳಕೆಲ್ಲ ಆ ಬೆನ್ನಿನ ರವಿಕೆಯ ಮೇಲೆ, ಬಿಗಿದ ದಾರಗಳ ಮೇಲೆ. ಮುಖ ಅರ್ಧ ಮಾತ್ರ ಕಾಣುತ್ತದೆ. ನಾದ ಅಷ್ಟು ಮೆಲ್ಲಗಿದೆ, ನಮಗೆ ಕೇಳುವುದಿಲ್ಲ, ಅವಳಿಗೆ ಮಾತ್ರ. ನಾನು ಮೇಲೆ ಹೇಳಿದ ಲೆಕ್ಕ ಇಲ್ಲಿ ತಲೆಕೆಳಗಾಗಿದೆ ನೋಡಿ. ಬೆಳಕು ನಾದದ ಮೇಲಿಲ್ಲ, ಅವಳು ನಮ್ಮಿಂದ ತಿರುಗಿಕೊಂಡಿದ್ದಾಳೆ ಎಂಬುದರ ಮೇಲಿದೆ. ಅವಳಿಗಷ್ಟೇ ಕೇಳುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ.

ಕರವಾಜಿಯೊ 1610ರಲ್ಲಿ, 38ನೇ ವಯಸ್ಸಿಗೆ ತೀರಿಕೊಂಡ. ಆಮೇಲೆ ರೋಮಿನಲ್ಲಿ ಅವನ ನೆರಳಿಗೆ ಗಿರಾಕಿಗಳು ಹುಟ್ಟಿಕೊಂಡರು. ಬಾರ್ತೊಲೊಮೆಯೊ ಮನ್‌ಫ್ರೆದಿ ಎಂಬವನು ಹೆಂಡದಂಗಡಿಯಲ್ಲಿ ಮೇಜಿನ ಸುತ್ತ ಕೂತ ವಾದಕರ ಚಿತ್ರಕ್ಕೆ ಒಂದು ಅಚ್ಚನ್ನೇ ಮಾಡಿಕೊಟ್ಟ. ಅವನ ‘ಸಂಗೀತ ಗೋಷ್ಠಿ’ ಈಗ ನೋಡಲು ಸಿಗುವುದಿಲ್ಲ. 1993ರ ಮೇ ತಿಂಗಳಲ್ಲಿ ಫ್ಲಾರೆನ್ಸಿನ ಉಫಿತ್ಸಿ ಗ್ಯಾಲರಿಯ ಪಕ್ಕದಲ್ಲಿ ಸಿಡಿದ ಕಾರ್ ಬಾಂಬಿಗೆ ಐದು ಜನ ಸತ್ತರು, ಆ ಚಿತ್ರವೂ ನಾಶವಾಯಿತು. ಅದೇ ಅಚ್ಚಿನಿಂದ ಬಂದವನು ಫ್ರೆಂಚ್ ಚಿತ್ರಕಾರ ವಾಲೆಂತಿನ್. ಪ್ಯಾರಿಸಿನ ಲೂವ್ರ್‌ನಲ್ಲಿರುವ ಅವನ ಗೋಷ್ಠಿಯಲ್ಲಿ ಒಂದು ಹಳೇ ಶಿಲ್ಪದ ಕಲ್ಲೇ ಮೇಜು. ಸುತ್ತ ಕೂತವರಲ್ಲಿ ಒಬ್ಬರೂ ಒಬ್ಬರ ಮುಖ ನೋಡುತ್ತಿಲ್ಲ. ನಡುವೆ ಒಂದು ಮಗು, ಆಗಲೇ ಬೇಸತ್ತ ಹಾಗೆ. ಒಟ್ಟಿಗೆ ನುಡಿಸುತ್ತಾ ಒಂಟಿಯಾಗಿರುವವರು. ಇಲ್ಲಿ ಕತ್ತಲು ವೇದಿಕೆಯ ಪರದೆಯಲ್ಲ, ಅವರ ನಡುವಿನ ದೂರ.

ಈಗ ಮೇಣದಬತ್ತಿಯ ಕಡೆಗೆ. ನೀವು ‘ರಾತ್ರಿಯಾ?’ ಎಂದು ಕೇಳಿದ್ದು ಪೂರ್ತಿ ತಪ್ಪೇನಲ್ಲ. ನಿಜವಾಗಿಯೂ ರಾತ್ರಿಯೇ ಇರುವ ಸಂಗೀತದ ಚಿತ್ರಗಳು ಇವೆ. ಅವನ್ನು ಹೆಚ್ಚಾಗಿ ಬರೆದವರು ಇಟಲಿಗೆ ಹೋಗಿ ಕಲಿತು ಬಂದ ನೆದರ್ಲ್ಯಾಂಡ್ಸಿನ ಊಟ್ರೆಕ್ಟ್ ಪಟ್ಟಣದವರು. ಅವರಲ್ಲಿ ಗೆರಾರ್ಡ್ ವಾನ್ ಹೊಂತೋರ್ಸ್ಟ್‌ಗೆ ಇಟಲಿಯ ಜನ ‘ರಾತ್ರಿಗಳ ಗೆರಾರ್ಡೊ’ ಅಂತಲೇ ಹೆಸರಿಟ್ಟರು. ಅವನು 1620ರಲ್ಲಿ ಊರಿಗೆ ಮರಳಿದ. ಅವನ ಒಂದು ಕೈಚಳಕ ಗೊತ್ತಾದರೆ ಎಲ್ಲ ಕಡೆ ಗುರುತಿಸುತ್ತೀರಿ. ಮೇಣದಬತ್ತಿಯನ್ನು ಅವನು ನೇರ ತೋರಿಸುವುದೇ ಅಪರೂಪ. ಯಾರದೋ ತೋಳು, ಹಿಡಿದ ಪುಸ್ತಕ, ಇಲ್ಲವೇ ಅಡ್ಡ ಬಂದ ಬೆನ್ನು ಜ್ವಾಲೆಯನ್ನು ಮರೆ ಮಾಡುತ್ತದೆ. ಕಣ್ಣಿಗೆ ಚುಚ್ಚುವ ಜ್ವಾಲೆ ಮರೆಯಾದರೆ ಅದರ ಬೆಳಕು ಬಿದ್ದ ಮುಖಗಳು ಇನ್ನೂ ಬೆಳಗುತ್ತವೆ.

ಈ ಉಪಾಯ ನಿಮಗೆ ಮೊದಲೇ ಗೊತ್ತು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕತ್ತಲ ಕೋಣೆಯಲ್ಲಿಟ್ಟ ‘ದೀಪ ಹಿಡಿದ ಹೆಂಗಸು’ ನೋಡಿದ್ದೀರಲ್ಲ? ರವಿವರ್ಮನದ್ದೆಂದು ಎಷ್ಟೋ ಜನ ಹೇಳುತ್ತಾರೆ. ಅಲ್ಲ, ಅದು ಎಸ್. ಎಲ್. ಹಳದಣಕರ್ ಅವರ ಜಲವರ್ಣ, 1945–46ರದ್ದು, ಅವರ ಮಗಳೇ ಮಾದರಿ. ಒಂದು ಕೈಯಲ್ಲಿ ದೀಪ, ಇನ್ನೊಂದು ಕೈ ಅದಕ್ಕೆ ಮರೆ, ಬೆರಳ ಸಂದಿಯಲ್ಲಿ ಕೆಂಪು. ಹೊಂತೋರ್ಸ್ಟ್ ಮುನ್ನೂರು ವರ್ಷ ಹಿಂದೆ ಮೇಜಿನ ಸುತ್ತ ಮಾಡುತ್ತಿದ್ದುದೂ ಈ ಮರೆಯ ಆಟವನ್ನೇ.

ದೀಪದ ಬೆಳಕಿಗೂ ಕಿಟಕಿಯ ಬೆಳಕಿಗೂ ಇರುವ ವ್ಯತ್ಯಾಸ ಹಿಡಿಯಲು ಮೂಗಿನ ಕೆಳಗಿನ ನೆರಳು ನೋಡಿ. ಕಿಟಕಿ ಮೇಲಿದ್ದರೆ ನೆರಳು ತುಟಿಯ ಕಡೆ ಇಳಿಯುತ್ತದೆ. ಮೇಜಿನ ಮೇಲಿನ ದೀಪವಾದರೆ ಮೇಲಕ್ಕೆ ಹೋಗುತ್ತದೆ, ಕೆನ್ನೆ ಕೆಳಗಿನಿಂದ ಬೆಳಗುತ್ತದೆ. ಇನ್ನೊಂದು ಗುರುತು ಕತ್ತಲು ಎಷ್ಟು ಬೇಗ ಕವಿಯುತ್ತದೆ ಎಂಬುದು. ಬತ್ತಿಯಿಂದ ಒಂದು ಅಡಿ ದೂರದಲ್ಲಿರುವ ಕೈಗೆ ಬೀಳುವ ಬೆಳಕಿನ ಒಂಬತ್ತನೇ ಒಂದು ಪಾಲು ಮಾತ್ರ ಮೂರು ಅಡಿ ದೂರದ ಮುಖಕ್ಕೆ ಬೀಳುತ್ತದೆ. ಆರು ಅಡಿ ದೂರದ ಗೋಡೆಗೆ ಮೂವತ್ತಾರನೇ ಒಂದು. ಗೋಡೆ ಕಪ್ಪಾಗದೆ ಏನು ಮಾಡೀತು? ಕಿಟಕಿಯ ಬೆಳಕು ಇಷ್ಟು ಜಿಪುಣ ಅಲ್ಲ.

ಇದೇ ಊಟ್ರೆಕ್ಟಿನ ಟೆರ್ ಬ್ರುಖೆನ್ ಬರೆದ ‘ಗೋಷ್ಠಿ’, ಸುಮಾರು 1626ರದ್ದು, ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಮೇಜಿನ ಮೇಲೊಂದು ಬತ್ತಿ, ಗೋಡೆಯಲ್ಲೊಂದು ಎಣ್ಣೆದೀಪ, ಲ್ಯೂಟ್, ಕೊಳಲು, ಹಾಡುವ ಹುಡುಗ. ಆದರೆ ಇದೇ ಮನುಷ್ಯ 1621ರಲ್ಲಿ ಬರೆದ ಇಬ್ಬರು ಕೊಳಲು ಹುಡುಗರು ಜರ್ಮನಿಯ ಕಾಸೆಲ್‌ನಲ್ಲಿದ್ದಾರೆ. ಅಲ್ಲಿ ಕಪ್ಪು ಹಿನ್ನೆಲೆಯೇ ಇಲ್ಲ! ಹಿಂದೆ ತಿಳಿ ಬೂದು ಗೋಡೆ, ಮುಂದೆ ನೆರಳಲ್ಲಿ ನಿಂತ ಮುಖ. ನನ್ನ ಪ್ರಕಾರ ಇವು ಆ ಕತ್ತಲ ಗೋಷ್ಠಿಗಳಿಗಿಂತ ಒಂದು ಕೈ ಮೇಲು. ಕಪ್ಪಿನ ಮುಂದೆ ಬೆಳಕು ಇಡುವುದು ಕಷ್ಟವಲ್ಲ. ಬೆಳಕಿನ ಮುಂದೆ ನೆರಳು ಇಟ್ಟು, ಆ ನೆರಳೊಳಗೆ ಕೆನ್ನೆಯ ಕೆಂಪು ಉಳಿಸುವುದು ಕಷ್ಟ. ಕೊಳಲೂದುವ ಹುಡುಗನಿಗೆ ಬೇಕಾದದ್ದು ಉಸಿರು. ಉಸಿರಾಡಲು ಅಲ್ಲಿ ಗಾಳಿ ಇದೆ.

ನೆದರ್ಲ್ಯಾಂಡ್ಸಿನದೇ ಹಾರ್ಲೆಮ್ ಊರಿನ ಜೂಡಿತ್ ಲೈಸ್ಟರ್ ಬರೆದ ಕೊಳಲು ಹುಡುಗನೂ ಹಾಗೇ. ಸ್ಟಾಕ್‌ಹೋಮ್‌ನಲ್ಲಿದೆ. ಅವನು ಊದುತ್ತಾ ಬೆಳಕು ಬರುವ ಕಡೆಗೇ ಕಣ್ಣೆತ್ತಿದ್ದಾನೆ. ಗೋಡೆಯಲ್ಲಿ ತೂಗುಹಾಕಿದ ಪಿಟೀಲೂ ಇದೆ, ನಿಮಗಾಗಿ.

ಒಬ್ಬನನ್ನು ಮಾತ್ರ ನಾನು ಬೇಗ ದಾಟಿ ಹೋಗಲಾರೆ. ಜಾರ್ಜ್ ದ ಲಾ ಟೂರ್, ಈಗ ಫ್ರಾನ್ಸಿನಲ್ಲಿರುವ ಲೊರೇನ್ ಪ್ರಾಂತದವನು, 1593ರಲ್ಲಿ ಹುಟ್ಟಿ 1652ರಲ್ಲಿ ಸತ್ತವನು. ಮೇಣದಬತ್ತಿಯ ಬೆಳಕಿಗೆ ಅವನಷ್ಟು ಹೆಸರಾದವರಿಲ್ಲ. ಆದರೆ ಸಂಗೀತಗಾರರನ್ನು ಬರೆಯುವಾಗ ಅವನು ಬತ್ತಿ ಹಚ್ಚಲಿಲ್ಲ. ನಿರ್ದಯವಾದ ಹಗಲು ಬೆಳಕಿಗೆ ತಂದು ನಿಲ್ಲಿಸಿದ. ಅವನ ವಾದಕರು ಅರಮನೆಯ ಹುಡುಗರಲ್ಲ, ಬೀದಿಯ ಮುದುಕರು. ಹರ್ಡಿ-ಗರ್ಡಿ ಎಂಬ ವಾದ್ಯ ಹೊತ್ತು ಊರೂರು ಅಲೆಯುವ ಕುರುಡರು. ಈ ವಾದ್ಯಕ್ಕೆ ಕಮಾನಿಲ್ಲ. ಹಿಡಿ ತಿರುಗಿಸಿದರೆ ಒಂದು ಚಕ್ರ ತಂತಿಗಳನ್ನು ಉಜ್ಜುತ್ತದೆ, ಕೆಲವು ತಂತಿಗಳು ನಮ್ಮ ತಂಬೂರಿಯಂತೆ ಒಂದೇ ಶ್ರುತಿಯನ್ನು ಎಡೆಬಿಡದೆ ಹಿಡಿಯುತ್ತವೆ.

ಫ್ರಾನ್ಸಿನ ನಾಂತ್ ಊರಿನ ಮ್ಯೂಸಿಯಂನಲ್ಲಿರುವ ಅವನ ಕುರುಡ ಬಾಯಿ ತೆರೆದು ಹಾಡುತ್ತಿದ್ದಾನೆ. ಬೆಳಕು ಅವನ ಮುಚ್ಚಿದ ರೆಪ್ಪೆಯ ಮೇಲೆ, ಸುಕ್ಕುಗಳ ಮೇಲೆ, ಹಲ್ಲಿನ ಮೇಲೆ. ವಾದ್ಯದ ಮೇಲೆ ಒಂದು ನೊಣ ಕೂತಿದೆ. ಎಷ್ಟೋ ಕಾಲ ಇದನ್ನು ಸ್ಪೇನಿನ ಯಾರೋ ಬರೆದರೆಂದೇ ನಂಬಿದ್ದರು. ಲಾ ಟೂರ್‌ನ ಹೆಸರನ್ನೇ ಜನ ಮರೆತಿದ್ದರು, 1915ರಲ್ಲಿ ಹರ್ಮನ್ ಫೊಸ್ ಎಂಬ ವಿದ್ವಾಂಸ ಮತ್ತೆ ಎತ್ತಿ ಹಿಡಿದ ಮೇಲೆ ಒಂದೊಂದಾಗಿ ಚಿತ್ರಗಳು ಅವನಿಗೆ ಮರಳಿದವು. ಈ ಚಿತ್ರ ನೋಡುವಾಗ ನನಗೆ ಮುಜುಗರವಾಗುತ್ತದೆ. ಆ ಬೆಳಕು ಅವನಿಗೆ ಕಾಣುವುದಿಲ್ಲ. ನಾವು ಅವನನ್ನು ನೋಡುತ್ತಿದ್ದೇವೆ ಎನ್ನುವುದೂ ಅವನಿಗೆ ಗೊತ್ತಿಲ್ಲ. ಕೇಳಬೇಕಾದವರು ನಾವು, ದುರುಗುಟ್ಟಿ ನೋಡುತ್ತಾ ನಿಂತಿದ್ದೇವೆ.

ಲಾಸ್ ಏಂಜಲೀಸ್‌ನ ಗೆಟ್ಟಿ ಮ್ಯೂಸಿಯಂನಲ್ಲಿ ಅವನದೇ ‘ವಾದಕರ ಜಗಳ’ ಇದೆ. ಇಬ್ಬರು ಬೀದಿ ವಾದಕರು ಹೊಡೆದಾಡುತ್ತಿದ್ದಾರೆ. ಹರ್ಡಿ-ಗರ್ಡಿಯವನ ಒಂದು ಕೈಯಲ್ಲಿ ಚೂರಿ, ಇನ್ನೊಂದರಲ್ಲಿ ವಾದ್ಯದ ಹಿಡಿ. ಎದುರಾಳಿ ಅವನ ಕಣ್ಣಿಗೆ ನಿಂಬೆಹಣ್ಣು ಹಿಂಡುತ್ತಿದ್ದಾನೆ. ಯಾಕೆ? ಇವನು ನಿಜವಾಗಿ ಕುರುಡನೋ, ಭಿಕ್ಷೆಗಾಗಿ ನಾಟಕವೋ ಎಂದು ಬಯಲು ಮಾಡಲು. ಪಕ್ಕದಲ್ಲಿ ಇನ್ನಿಬ್ಬರು ವಾದಕರು ಹಲ್ಲು ಕಿರಿಯುತ್ತಿದ್ದಾರೆ, ಈ ಕಡೆ ಒಬ್ಬ ಮುದುಕಿ ಅಳುತ್ತಿದ್ದಾಳೆ. ಸಂಗೀತ ನಿಂತಿದೆ. ಬೆಳಕಿಗೂ ಈಗ ನಾದದ ಕೆಲಸ ಇಲ್ಲ, ಚೂರಿಯ ಅಲಗು, ಕಣ್ಣಿನ ರೆಪ್ಪೆ ಎಲ್ಲವನ್ನೂ ಒಂದೇ ಸಮನೆ ಎತ್ತಿ ತೋರಿಸುವ ಪೊಲೀಸ್ ಕೆಲಸ.

ಕೊನೆಗೆ ನೆದರ್ಲ್ಯಾಂಡ್ಸಿನ ಚಿತ್ರಕಾರ ರೆಂಬ್ರಾಂಟ್. ಹೇಗ್ ನಗರದ ಮೌರಿತ್ಸ್‌ಹೌಸ್‌ನಲ್ಲಿರುವ ‘ಸೌಲ ಮತ್ತು ದಾವೀದ’. ಬೈಬಲಿನ ಕಥೆ ಸಣ್ಣದು: ರಾಜ ಸೌಲನಿಗೆ ಮನಸ್ಸು ಕೆಟ್ಟಾಗ ಹುಡುಗ ದಾವೀದ ಹಾರ್ಪ್ ನುಡಿಸಿ ಸಮಾಧಾನ 

ಮಾಡುತ್ತಾನೆ. ಈ ಚಿತ್ರವನ್ನು ಯಾರೋ ಹಿಂದೆ ಕತ್ತರಿಸಿ ಮತ್ತೆ ಜೋಡಿಸಿದ್ದರು. 1969ರಲ್ಲಿ ಒಬ್ಬ ದೊಡ್ಡ ವಿದ್ವಾಂಸರು ಇದು ರೆಂಬ್ರಾಂಟನದೇ ಅಲ್ಲ ಎಂದುಬಿಟ್ಟರು. ವರ್ಷಗಟ್ಟಲೆ ತೊಳೆದು, ಪರೀಕ್ಷಿಸಿ, 2015ರಲ್ಲಿ ಮ್ಯೂಸಿಯಂ ಅವನದೇ ಎಂದು ಹೇಳಿತು. ಇದರಲ್ಲಿ ವಾದಕ ಮೂಲೆಯಲ್ಲಿ ಚಿಕ್ಕವನಾಗಿ ಕೂತಿದ್ದಾನೆ. ಬೆಳಕು ಪಡೆದವನು ಕೇಳುಗ. ಪೇಟ ಸುತ್ತಿದ ರಾಜ ಪಕ್ಕದ ಪರದೆಯನ್ನೇ ಎಳೆದು ಒಂದು ಕಣ್ಣು ಒರೆಸಿಕೊಳ್ಳುತ್ತಿದ್ದಾನೆ. ಇನ್ನೊಂದು ಕಣ್ಣು ಮಾತ್ರ ನಮಗೆ ಕಾಣುತ್ತದೆ. ನುಡಿಸಿದ್ದು ಎಲ್ಲಿ ಹೋಗಿ ತಾಗಿತು ಎಂಬುದನ್ನು ಬರೆದ ಚಿತ್ರ ಇದು.

ಫ್ಯಾಷನ್ನಾ ಎಂದು ಕೇಳಿದ್ದಿರಿ. ಅದೂ ಇತ್ತು, ಸುಳ್ಳು ಹೇಳಬಾರದು. ಹತ್ತಾರು ಜನ ಕಪ್ಪು ಬಳಿದು ಮುಂದೆ ಒಬ್ಬ ಲ್ಯೂಟ್ ವಾದಕನನ್ನು ಕೂರಿಸಿ ಮಾರಿದ್ದಾರೆ. ಅಂಥವನ್ನು ಗುರುತಿಸುವುದು ಸುಲಭ. ಬೆರಳುಗಳು ಯಾವ ತಂತಿಯ ಮೇಲೂ ಇರುವುದಿಲ್ಲ. ವಾದಕಿಯಾದ ನಿಮ್ಮ ಕಣ್ಣಿಗೆ ಅದು ನನಗಿಂತ ಬೇಗ ಕಾಣುತ್ತದೆ.

ಫೋಟೊ ವಿಷಯ. ನಿಮ್ಮ ಮಾವನ ಮಗನಿಗೆ ಹೇಳಿ, ಸ್ಟುಡಿಯೋದ ಕರಿ ಪರದೆ ಬೇಡ. ಅಜ್ಜಿ ಮನೆಯಲ್ಲಿ ಬೆಳಕಿಂಡಿ ಇರುವ ಕೋಣೆ ಇದ್ದರೆ ಅಲ್ಲಿಗೆ ಹೋಗಿ. ಇಲ್ಲದಿದ್ದರೆ ಒಂದೇ ಕಿಟಕಿ ಬಿಟ್ಟು ಉಳಿದವು ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಂಬಳಿ ಕಟ್ಟಿ, ಬೆಳಕು ಮೇಲಿನಿಂದ ಬರಲಿ. ಕಿಟಕಿಗೆ ಎದುರಿನ ಬಿಳಿ ಗೋಡೆಗೂ ಒಂದು ಕರಿ ಕಂಬಳಿ, ಪುಟಿಯುವುದು ನಿಲ್ಲಲಿ. ಹಿಂದಿನ ಗೋಡೆಯಿಂದ ಆರೇಳು ಅಡಿ ಮುಂದೆ ಕೂತುಕೊಳ್ಳಿ. ಬೆಳಕಿಗೆ ಓರೆಯಾಗಿ ಕೂತರೆ ನೆರಳಿನ ಕಡೆಯ ಕೆನ್ನೆಯ ಮೇಲೆ, ಕಣ್ಣಿನ ಕೆಳಗೆ, ಒಂದು ಸಣ್ಣ ತ್ರಿಕೋನ ಬೆಳಕು ಉಳಿಯುತ್ತದೆ. ಫೋಟೊದವರು ಅದನ್ನೇ ‘ರೆಂಬ್ರಾಂಟ್ ಲೈಟಿಂಗ್’ ಅನ್ನುವುದು. ಫೋನಿನಲ್ಲಿ ತೆಗೆಯುವುದಾದರೆ ಮುಖದ ಮೇಲೆ ಒತ್ತಿ ಬೆಳಕನ್ನು ಸ್ವಲ್ಪ ಇಳಿಸಲಿ. ಇಲ್ಲದಿದ್ದರೆ ಫೋನು ಜಾಣತನ ತೋರಿಸಿ ಕತ್ತಲನ್ನೆಲ್ಲ ಬೆಳಗಿಸಿಬಿಡುತ್ತದೆ. ಮತ್ತೆ, ಕ್ಯಾಮೆರಾ ನೋಡಿ ನಗಬೇಡಿ. ಪಿಟೀಲನ್ನು ಬೇಕೆಂದೇ ಸ್ವಲ್ಪ ಶ್ರುತಿ ಇಳಿಸಿಕೊಂಡು ಕೂತು, ನಿಜವಾಗಿ ಶ್ರುತಿ ಮಾಡಿ. ಪಂಚಮ ಕೂಡುವ ಹೊತ್ತಿಗೆ ಅವನು ಒತ್ತಲಿ.